ಎದುರಾಳಿ ಆಡುವಾಗ ನಾವು ಕೂರುವ ಕುರ್ಚಿ

ಬಳ್ಳಾರಿಯಲ್ಲಿ, ಕ್ಯೂ ಎಂಬ ಕೋಲಿನಿಂದ ಟೇಬಲ್ಲಿನ ಮೇಲಿನ ಬಾಲ್‌ಗಳನ್ನು ಪಾಕೆಟ್ಟಿಗೆ ಹಾಕುವ ಪೂಲ್ ಆಟದ ಟೂರ್ನಿ ನಡೆದ ರಾತ್ರಿ ಗೆದ್ದವರೂ ಸೋತವರೂ ಮೆಟ್ಟಿಲಿಳಿದು ಬಂದು ಒಗ್ಗರಣೆ-ಮಿರ್ಚಿ ಬಂಡಿಯ ಮುಂದೆ ನಿಲ್ಲುತ್ತಾರೆ. ಅಲ್ಲಿ ಪ್ರತಿ ಸಲವೂ ಒಂದೇ ಮಾತು ಹುಟ್ಟುತ್ತದೆ: ಎದುರಿನವನಿಗೆ ಇವತ್ತು ಲಕ್ ಚೆನ್ನಾಗಿತ್ತು. ಸೋತವನು ಈ ಮಾತು ಹೇಳುವುದು ಸಹಜ. ಗೆದ್ದವನೂ ಇದನ್ನೇ ಹೇಳುತ್ತಾನೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಎದುರಾಳಿಗೆ ಅಷ್ಟೊಂದು ಅದೃಷ್ಟ ಒದಗಿದರೂ ತಾನು ಗೆದ್ದೆ ಎಂಬ ಧಾಟಿಯಲ್ಲಿ ಅವನು ಕತೆ ಹೇಳುತ್ತಾನೆ. ಇಬ್ಬರ ಮಾತನ್ನೂ ನಂಬಿದರೆ, ಒಂದೇ ಟೇಬಲ್ಲಿನ ಮೇಲೆ, ಒಂದೇ ಗಂಟೆಯಲ್ಲಿ, ಅದೃಷ್ಟವೆಲ್ಲ ಇಬ್ಬರನ್ನೂ ಬಿಟ್ಟು ಇಬ್ಬರ ಎದುರಾಳಿಗೂ ಹೋಗಿದೆ ಎಂದಾಗುತ್ತದೆ.

ನಾನು ಆಡುವವನೂ ಹೌದು, ಆಡದ ದಿನ ಸ್ಕೋರು ಬರೆಯುವವನೂ ಹೌದು. ಸ್ಕೋರು ಬರೆಯುವ ಕೆಲಸದಲ್ಲಿ ಒಂದು ಅನುಕೂಲವಿದೆ. ಇಬ್ಬರಲ್ಲಿ ಯಾರ ಸೋಲೂ ನಮ್ಮದಲ್ಲವಾದ್ದರಿಂದ ಕಣ್ಣು ಎರಡೂ ಕಡೆ ಸಮನಾಗಿ ಓಡಾಡುತ್ತದೆ. ಹೀಗೆ ಕುಳಿತಿದ್ದಾಗ ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಚುಕ್ಕೆಗಳನ್ನು ಹಾಕುವ ಅಭ್ಯಾಸ ಬೆಳೆಯಿತು. ಗುರಿಯಿಟ್ಟ ಪಾಕೆಟ್ ತಪ್ಪಿದ ಬಾಲ್ ಬೇರೊಂದು ಪಾಕೆಟ್ಟಿಗೆ ಬಿದ್ದರೆ ಹೊಡೆದವನ ಹೆಸರಿಗೆ ಒಂದು ಚುಕ್ಕೆ. ಹೊಡೆತ ತಪ್ಪಿದ ಮೇಲೆ ವೈಟ್, ಅಂದರೆ ಕ್ಯೂವಿನಿಂದ ಹೊಡೆಯುವ ಬಿಳಿ ಬಾಲ್, ತಾನಾಗಿಯೇ ಉರುಳಿ ಹೋಗಿ, ಎದುರಾಳಿಗೆ ಏನೂ ಕಾಣದಂತೆ ಬೇರೆ ಬಾಲ್‌ಗಳ ಹಿಂದೆ ನಿಂತರೂ ಅವನ ಹೆಸರಿಗೇ ಒಂದು ಚುಕ್ಕೆ. ಬ್ರೇಕನ್ನು, ಅಂದರೆ ಜೋಡಿಸಿಟ್ಟ ಬಾಲ್‌ಗಳನ್ನು ಚದುರಿಸುವ ಮೊದಲ ಹೊಡೆತವನ್ನು, ಚೆನ್ನಾಗಿಯೇ ಹೊಡೆದಿದ್ದರೂ ಎಲ್ಲೋ ಡಿಕ್ಕಿಯಾಗಿ ವೈಟ್ ಪಾಕೆಟ್ ಸೇರಿದರೆ ಎದುರಿನವನ ಹೆಸರಿಗೆ ಒಂದು. ಇದನ್ನು ಅಧ್ಯಯನವೆಂದು ಕರೆಯಲಾರೆ, ಸಂಖ್ಯೆಗಳನ್ನು ಮುಂದಿಟ್ಟು ವಾದಿಸಲೂ ಆರೆ. ಆದರೆ ಚುಕ್ಕೆಗಳು ಎರಡೂ ಹೆಸರುಗಳ ಪಕ್ಕದಲ್ಲಿ ಹರಡಿಕೊಂಡಿರುತ್ತಿದ್ದವು. ಒಂದು ರಾತ್ರಿ ಈ ಕಡೆ ಹೆಚ್ಚು, ಇನ್ನೊಂದು ರಾತ್ರಿ ಆ ಕಡೆ. ಕೆಳಗಿಳಿದು ಬಂದು ಕೇಳಿದರೆ ಆಟಗಾರರಿಗೆ ನೆನಪಿರುತ್ತಿದ್ದವು ಎದುರಿನ ಹೆಸರಿನ ಚುಕ್ಕೆಗಳು ಮಾತ್ರ. ಅವರದೇ ಚುಕ್ಕೆಗಳನ್ನು ಒಂದೊಂದಾಗಿ ನೆನಪಿಸಿದರೆ ‘ಹೌದಲ್ಲಾ’ ಎಂದು ಒಪ್ಪಿಕೊಳ್ಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಮರೆತಿದ್ದರು.

ಈ ಮರೆವನ್ನು ಅಹಂಕಾರದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಮರೆಯುವವರಲ್ಲಿ ಬಹಳ ವಿನಯವಂತರೂ ಇದ್ದಾರೆ, ತಮ್ಮ ಆಟದ ಕೊರತೆಗಳನ್ನು ಬಿಚ್ಚಿ ಹೇಳುವವರೂ ಇದ್ದಾರೆ. ಕಾರಣ ಮನುಷ್ಯರ ಗುಣದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆಟದ ಏರ್ಪಾಡಿನಲ್ಲಿದೆ, ಇನ್ನೂ ನಿರ್ದಿಷ್ಟವಾಗಿ ಹೇಳುವುದಾದರೆ ಎದುರಾಳಿ ಆಡುವಾಗ ನಾವು ಕುಳಿತುಕೊಳ್ಳುವ ಕುರ್ಚಿಯಲ್ಲಿದೆ ಎಂಬ ನಂಬಿಕೆಗೆ ನಾನು ಬಂದಿದ್ದೇನೆ.

ತಡೆಯಲು ಬರದ ಆಟ

ಶಟಲ್ ಆಡುವವನ ಎದುರಾಳಿಯ ಹೊಡೆತ ನೆಟ್ಟಿನ ಅಂಚಿಗೆ ತಾಗಿ ಈಚೆ ಉದುರಿದರೆ ಅದೂ ಅದೃಷ್ಟವೇ. ಆದರೆ ಅಷ್ಟರಲ್ಲಿ ಇವನು ಮುಂದಕ್ಕೆ ನೆಗೆದಿರುತ್ತಾನೆ, ಕೈ ಚಾಚಿರುತ್ತಾನೆ, ಸಿಗದಿದ್ದರೂ ತನ್ನ ಕೈಲಾದದ್ದನ್ನು ಮಾಡಿರುತ್ತಾನೆ. ಕಬಡ್ಡಿಯಲ್ಲಿ ಹಿಡಿತ ತಪ್ಪಿದರೂ ಹಿಡಿಯಲು ಹೋದದ್ದು ನಿಜ. ಪೂಲಿನಲ್ಲೂ ಅದೇ ಬಗೆಯ ಸ್ನೂಕರಿನಲ್ಲೂ ಇಂಥ ಅವಕಾಶವೇ ಇಲ್ಲ. ಎದುರಾಳಿ ಟೇಬಲ್ಲಿಗೆ ಬಂದ ಕೂಡಲೇ ನಾವು ಹಿಂದೆ ಸರಿದು ಕೂರಬೇಕು. ಅವನು ಹೊಡೆಯುವುದನ್ನು ತಡೆಯಲು, ನಿಧಾನಿಸಲು, ಕೆಡಿಸಲು ಯಾವ ದಾರಿಯೂ ಇಲ್ಲ. ಅವನ ಗುರಿಯ ಸಾಲಿನಲ್ಲಿ ಅಲುಗಾಡುವುದೂ ಅಸಭ್ಯತನ. ಅವನಿಗೊದಗಿದ ಅದೃಷ್ಟವನ್ನು ನಾವು ಖಾಲಿ ಕೈಯಲ್ಲಿ, ಪೂರ್ತಿ ಗಮನವಿಟ್ಟು, ಬೇರೆ ಏನೂ ಮಾಡಲಿಕ್ಕಿಲ್ಲದೆ ನೋಡುತ್ತೇವೆ.

ನಮ್ಮ ಅದೃಷ್ಟ ಒದಗುವುದು ಇದಕ್ಕೆ ತೀರ ಬೇರೆಯಾದ ಸ್ಥಿತಿಯಲ್ಲಿ. ತಪ್ಪಿದ ಬಾಲ್ ಎಲ್ಲೋ ಬಡಿದು ಪಾಕೆಟ್ಟಿಗೆ ಬಿದ್ದರೆ ಸರದಿ ಇನ್ನೂ ನಮ್ಮದೇ ಆಗಿರುತ್ತದೆ. ವೈಟ್ ಎಲ್ಲಿ ನಿಂತಿತು, ಮುಂದಿನ ಬಾಲ್ ಯಾವುದು, ಅದರಿಂದ ಕೊನೆಗೆ ಹಾಕಬೇಕಾದ ಬ್ಲ್ಯಾಕಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗಳು ತಕ್ಷಣ ಮನಸ್ಸನ್ನು ತುಂಬಿಕೊಳ್ಳುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಆ ಫ್ಲೂಕ್, ಅಂದರೆ ಅದೃಷ್ಟಕ್ಕೆ ಬಿದ್ದ ಬಾಲ್, ಹಿಂದೆ ಬಿದ್ದಿರುತ್ತದೆ, ಅದು ನೆನಪಾಗಿ ಗಟ್ಟಿಯಾಗಲು ಬೇಕಾದ ಬಿಡುವೇ ಸಿಕ್ಕಿರುವುದಿಲ್ಲ. ಎದುರಾಳಿಯ ಫ್ಲೂಕಿಗಾದರೆ ನಾವು ಕುರ್ಚಿಯಲ್ಲಿ ಕಳೆಯುವಷ್ಟು ಹೊತ್ತು ಬಿಡುವಿದೆ. ಒಂದೇ ಬಗೆಯ ಎರಡು ಘಟನೆಗಳಲ್ಲಿ ಒಂದನ್ನು ಅವಸರದಲ್ಲಿ ದಾಟಿ, ಇನ್ನೊಂದನ್ನು ಮೆಲುಕು ಹಾಕುತ್ತ ಕುಳಿತರೆ, ರಾತ್ರಿ ಮಿರ್ಚಿ ಬಂಡಿಯ ಮುಂದೆ ಯಾವುದು ಬಾಯಿಗೆ ಬರುತ್ತದೆ ಎಂಬುದರಲ್ಲಿ ಆಶ್ಚರ್ಯವೇನಿದೆ.

ನಮ್ಮ ಪೂಲ್ ಪಾರ್ಲರುಗಳ ಒಂದು ರೂಢಿ ಈ ಕುರ್ಚಿಯನ್ನು ಇನ್ನಷ್ಟು ಭಾರವಾಗಿಸುತ್ತದೆ. ಟೇಬಲ್ಲಿನ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತದೆ, ಮತ್ತು ಗೆಳೆಯರ ನಡುವಿನ ಆಟದಲ್ಲಿ ಸೋತವನೇ ಟೇಬಲ್ ದುಡ್ಡು ಕೊಡಬೇಕು. ದಿನಗೂಲಿಯ ಹುಡುಗನೊಬ್ಬ ಆ ಕುರ್ಚಿಯಲ್ಲಿ ಕುಳಿತಾಗ ಅವನ ಕಣ್ಣು ಗಡಿಯಾರಕ್ಕೂ ಹೋಗುತ್ತದೆ, ಟೇಬಲ್ಲಿಗೂ ಹೋಗುತ್ತದೆ. ಎದುರಾಳಿಯ ಒಂದು ಫ್ಲೂಕ್ ಅವನಿಗೆ ಫ್ರೇಮಿನ, ಅಂದರೆ ಒಂದು ಸುತ್ತಿನ ಆಟದ, ನಷ್ಟವೊಂದೇ ಅಲ್ಲ, ಜೇಬಿನಿಂದ ಹೋಗಲಿರುವ ದುಡ್ಡೂ ಹೌದು. ಹೀಗೆ ಕಲಿತ ಮನಸ್ಸು ಟೂರ್ನಿಗೆ ಬಂದಾಗಲೂ ಹಾಗೆಯೇ ಎಣಿಸುತ್ತದೆ.

ಕೇರಂ ಆಡಿ ಬೆಳೆದವರು ಈ ವಿಷಯದಲ್ಲಿ ಸ್ವಲ್ಪ ಬೇರೆಯಾಗಿರುತ್ತಾರೆ ಎಂಬುದು ನನ್ನ ಗಮನಕ್ಕೆ ಬಂದಿದೆ. ನಮ್ಮೂರಿನ ಕೌಲ್ ಬಜಾರಿನ ಕಡೆಯಿಂದ ಪೂಲಿಗೆ ಬಂದ ಹಲವರು ಮೊದಲು ಕೇರಂ ಬೋರ್ಡಿನ ಮುಂದೆ ಕುಳಿತವರು. ಕೇರಮ್ಮಿನಲ್ಲಿ ಆಡುವವನೂ ಕುಳಿತೇ ಇರುತ್ತಾನೆ, ಕಾಯುವವನೂ ಕುಳಿತೇ ಇರುತ್ತಾನೆ. ಬ್ರೇಕ್ ಮಾಡಿದವನು ಮೊದಲ ಸರದಿಯಲ್ಲೇ ತನ್ನ ಬಿಳಿ ಕಾಯಿಗಳನ್ನೂ ರಾಣಿಯನ್ನೂ ಮುಗಿಸಿ ವೈಟ್ ಸ್ಲ್ಯಾಮ್ ಮಾಡಿದರೆ ಎದುರಿನವನು ಸ್ಟ್ರೈಕರ್ ಮುಟ್ಟದೆಯೇ ಆ ಬೋರ್ಡನ್ನು ಕಳೆದುಕೊಳ್ಳುತ್ತಾನೆ. ಅಂಥ ಬೋರ್ಡುಗಳನ್ನು ಕಂಡು ಬೆಳೆದವರಿಗೆ ಕೈಕಟ್ಟಿ ಕೂರುವುದು ಅವಮಾನವೆನಿಸುವುದಿಲ್ಲ. ಕ್ಯೂ ಹಿಡಿಯುವ ಭಂಗಿಯನ್ನು ಅವರು ತಡವಾಗಿ ಕಲಿಯಬಹುದು, ಆದರೆ ಕುಳಿತುಕೊಳ್ಳುವುದನ್ನು ಕಲಿತೇ ಬಂದಿರುತ್ತಾರೆ.

ಎರಡು–ಎರಡು ಆದ ಮೇಲೆ

ಮರೆಯಲಾಗದ ಒಂದು ಫ್ರೇಮನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಂದು ಸ್ಕೋರು ಬರೆಯುತ್ತಿದ್ದವನು ನಾನೇ. ಆಡುತ್ತಿದ್ದವರಲ್ಲಿ ಒಬ್ಬರು ಜೀನ್ಸ್ ಹೊಲಿಯುವ ಘಟಕವೊಂದರ ಕಟಿಂಗ್ ಮಾಸ್ತರರು, ಐವತ್ತರ ಆಸುಪಾಸಿನವರು, ದಿನವಿಡೀ ನಿಂತು ಡೆನಿಮ್ ಕತ್ತರಿಸಿ ಸಂಜೆ ಪಾರ್ಲರಿಗೆ ಬರುವವರು. ಇನ್ನೊಬ್ಬ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಕೈ ಚುರುಕಾಗಿರುವ, ದೂರದ ಬಾಲನ್ನು ಮಾಸ್ತರರಿಗಿಂತ ಚೆನ್ನಾಗಿ ಹೊಡೆಯುವ ಆಟಗಾರ. ಎಯ್ಟ್‌ಬಾಲ್ (ತನ್ನ ಪಾಲಿನ ಏಳು ಬಾಲ್ ಮುಗಿಸಿ ಕೊನೆಗೆ ಎಂಟರ ಅಂಕಿಯ ಬ್ಲ್ಯಾಕ್ ಹಾಕಿದವನು ಗೆಲ್ಲುವ ಆಟ), ಬೆಸ್ಟ್ ಆಫ್ ಫೈವ್ (ಐದರಲ್ಲಿ ಮೂರು ಫ್ರೇಮ್ ಗೆದ್ದವನಿಗೆ ಮ್ಯಾಚ್), ಇಬ್ಬರೂ ಎರಡೆರಡು ಫ್ರೇಮ್ ಗೆದ್ದಾಗಿತ್ತು. ಕೊನೆಯ ಫ್ರೇಮಿನಲ್ಲಿ ಹುಡುಗನಿಗೆ ಉಳಿದದ್ದು ಕಿತ್ತಳೆ ಪಟ್ಟೆಯ ಹದಿಮೂರು ಮತ್ತು ಬ್ಲ್ಯಾಕ್. ಮಾಸ್ತರರಿಗೆ ಇನ್ನೂ ಮೂರು ಉಳಿದಿದ್ದವು: ನೀಲಿ ಎರಡು, ನೇರಳೆ ನಾಲ್ಕು, ಹಸಿರು ಆರು.

ಮಾಸ್ತರರು ನೇರಳೆಯನ್ನು ಕುಶನ್ನಿಗೆ, ಅಂದರೆ ಟೇಬಲ್ಲಿನ ರಬ್ಬರಿನ ಅಂಚಿಗೆ, ಬಡಿಸಿ ಮಧ್ಯದ ಪಾಕೆಟ್ಟಿಗೆ ಕಳಿಸಲು ನೋಡಿದರು. ಅದು ಪಾಕೆಟ್ಟಿನ ತುಟಿಗೆ ತಾಗಿ ತಪ್ಪಿತು. ತಪ್ಪಿದ ನೇರಳೆ ಇಡೀ ಟೇಬಲ್ ದಾಟಿ, ದೂರದ ಕುಶನ್ನಿಗೆ ಬಡಿದು ಮರಳುತ್ತ ಮೂಲೆಯಲ್ಲಿದ್ದ ಹಸಿರನ್ನು ಸವರಿತು, ಹಸಿರು ನಿಧಾನವಾಗಿ ಮೂಲೆಯ ಪಾಕೆಟ್ಟಿನೊಳಗೆ ಇಳಿಯಿತು. ಅಂತರರಾಷ್ಟ್ರೀಯ ನಿಯಮದ ಎಯ್ಟ್‌ಬಾಲಿನಲ್ಲಿ ಬಾಲ್ ಮತ್ತು ಪಾಕೆಟ್ಟನ್ನು ಮೊದಲೇ ಹೇಳಬೇಕಾದ್ದರಿಂದ ಹೀಗೆ ಬಿದ್ದದ್ದಕ್ಕೆ ಸರದಿ ಮುಂದುವರಿಯುವುದಿಲ್ಲ. ನಮ್ಮ ಪಾರ್ಲರುಗಳಲ್ಲಿ ಹೇಳುವ ಪದ್ಧತಿಯಿಲ್ಲ, ಬಿದ್ದರೆ ಬಿತ್ತು. ಮಾಸ್ತರರು ಸ್ನೂಕರ್ ಆಟಗಾರರ ಹಳೆಯ ರೀತಿಯಂತೆ ಹುಡುಗನ ಕಡೆಗೆ ಎಡಗೈ ಎತ್ತಿ ಕ್ಷಮೆ ಸೂಚಿಸಿದರು. ನಂತರ ನೇರಳೆಯನ್ನು ಹಾಕಿದರು, ನೀಲಿಯನ್ನು ತಪ್ಪಿಸಿದರು.

ನನ್ನ ಕಣ್ಣು ಆ ಹೊತ್ತಿನಲ್ಲಿ ಹುಡುಗನ ಮೇಲಿತ್ತು. ಹಸಿರು ಬಿದ್ದ ಕ್ಷಣದಿಂದ ಅವನು ಕ್ಯೂವಿನ ತುದಿಗೆ ಚಾಕ್ ಉಜ್ಜತೊಡಗಿದ್ದ. ಒಮ್ಮೆ ಸವರಿದರೆ ಸಾಕಾಗುವ ಚಾಕನ್ನು ಅವನು ಬಿಡದೆ ತಿರುಗಿಸುತ್ತಿದ್ದ. ನೀಲಿ ಪುಡಿ ಉದುರಿ ಪ್ಯಾಂಟಿನ ಮಂಡಿಯ ಮೇಲೆ ಒಂದು ಮಸುಕು ವೃತ್ತ ಮೂಡಿತ್ತು, ಅದು ಅವನಿಗೆ ಕಾಣಿಸಿರಲಿಲ್ಲ. ಹಿಂದೆ ನಿಂತಿದ್ದ ಗೆಳೆಯನೊಬ್ಬ ಬಗ್ಗಿ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ತಲೆಯಾಡಿಸಿದರು. ನೇರಳೆ ಬೀಳುವಾಗ ಅವನು ಟೇಬಲ್ಲನ್ನು ನೋಡುತ್ತಲೇ ಇರಲಿಲ್ಲ. ನೀಲಿ ತಪ್ಪಿತೆಂದು ಅವನಿಗೆ ತಿಳಿದದ್ದು ಮಾಸ್ತರರು ಪಕ್ಕಕ್ಕೆ ಸರಿದಾಗ.

ಅವನ ಹದಿಮೂರು ಎರಡು ಅಡಿ ದೂರದಲ್ಲಿ, ಬಹುತೇಕ ನೇರವಾಗಿ ನಿಂತಿತ್ತು. ಅಭ್ಯಾಸದಲ್ಲಿ ಅವನು ಕಣ್ಣುಮುಚ್ಚಿ ಹಾಕಬಲ್ಲ ಬಾಲ್ ಅದು. ಪ್ರತಿ ಹೊಡೆತಕ್ಕೆ ಮುನ್ನ ಮೂರು ನಾಲ್ಕು ಸಲ ಕ್ಯೂವನ್ನು ಹಿಂದೆ ಮುಂದೆ ಆಡಿಸಿ ನೋಡುವುದು ಅವನ ಕ್ರಮ. ಆಗ ಒಂದೇ ಸಲ ಆಡಿಸಿದ. ತೋಳಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಲವಿತ್ತು. ಹದಿಮೂರು ಪಾಕೆಟ್ಟಿನ ಬಾಯಿಯ ಎರಡೂ ಕಡೆ ಬಡಿದು ಅಲ್ಲೇ ನಿಂತುಬಿಟ್ಟಿತು. ಮಾಸ್ತರರು ನೀಲಿ ಹಾಕಿ, ಬ್ಲ್ಯಾಕ್ ಹಾಕಿ ಕೈ ಕುಲುಕಿದರು.

ಕೆಳಗೆ ಬಂದಾಗ ಹುಡುಗ ಆ ಹಸಿರು ಬಾಲಿನ ಕತೆಯನ್ನು ಬಂದವರಿಗೆಲ್ಲ ಹೇಳಿದ, ಮತ್ತು ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಉತ್ಪ್ರೇಕ್ಷೆಯಾಗಿರಲಿಲ್ಲ. ಹದಿಮೂರು ಮಾತ್ರ ಆ ಕತೆಯಲ್ಲಿ ಇರಲಿಲ್ಲ. ಫ್ಲೂಕ್ ಆದ ಮೇಲೂ ಫ್ರೇಮ್ ಅವನ ಕೈಯಲ್ಲೇ ಇತ್ತು. ಅದನ್ನು ಕಳೆದುಕೊಂಡದ್ದು ಕುರ್ಚಿಯಲ್ಲಿ ಕಳೆದ ಆ ಒಂದೆರಡು ನಿಮಿಷಗಳಲ್ಲಿ. ಅವನ ಕೌಶಲ ಆ ನಿಮಿಷಗಳಲ್ಲಿ ಎಲ್ಲಿಗೂ ಹೋಗಿರಲಿಲ್ಲ. ಆದರೆ ಕೌಶಲವನ್ನು ತೋಳಿಗೆ ತಲುಪಿಸುವ ಕ್ರಮ ಮುರಿದಿತ್ತು. ಮನೋಧರ್ಮ ಎಂಬುದನ್ನು ನಾವು ಕೌಶಲದ ಆಚೆ ಇರುವ, ಹುಟ್ಟಿನಿಂದ ಬರುವ ಒಂದು ಗುಣವೆಂಬಂತೆ ಮಾತನಾಡುತ್ತೇವೆ. ಅಂದಿನಿಂದ ನನಗೆ ಅದು ಹೀಗೆ ಕಾಣುತ್ತದೆ: ಕ್ಯೂ ಎಷ್ಟು ಸಲ ಆಡಿತು, ಉಸಿರು ಎಲ್ಲಿ ನಿಂತಿತು, ಕಣ್ಣು ಎಲ್ಲಿತ್ತು ಎಂಬ, ಹೊರಗಿನಿಂದ ನೋಡಿ ಬರೆದಿಡಬಹುದಾದ ಸಂಗತಿಗಳಲ್ಲೇ ಮನೋಧರ್ಮವಿದೆ.

ಅದೃಷ್ಟಕ್ಕೆ ಜಾಗ ಎಲ್ಲಿ ಸಿಗುತ್ತದೆ

ಹವ್ಯಾಸಿಗಳ ಆಟದಲ್ಲಿ ಅದೃಷ್ಟ ಹೆಚ್ಚು ಕಾಣುವುದು ಬರಿ ಭ್ರಮೆ ಎಂದು ನಾನು ಹೇಳುತ್ತಿಲ್ಲ. ಒಂದು ಸರಳ ಲೆಕ್ಕ ನೋಡಿ. ಎಯ್ಟ್‌ಬಾಲಿನಲ್ಲಿ ಒಂದೇ ಸರದಿಯಲ್ಲಿ ಟೇಬಲ್ ಮುಗಿಸಬೇಕೆಂದರೆ ತನ್ನ ಏಳು ಬಾಲ್‌ಗಳನ್ನೂ ಬ್ಲ್ಯಾಕನ್ನೂ ಸೇರಿ ಎಂಟನ್ನು ಸತತವಾಗಿ ಹಾಕಬೇಕು. ಎಲ್ಲ ಹೊಡೆತಗಳೂ ಸಮಾನ ಕಷ್ಟದವು ಎಂದುಕೊಂಡರೆ, ನೂರಕ್ಕೆ 80 ಬಾಲ್ ಹಾಕುವವನು ಎಂಟನ್ನೂ ಸತತವಾಗಿ ಹಾಕುವ ಸಾಧ್ಯತೆ ಶೇಕಡ 17ರಷ್ಟು. ನೂರಕ್ಕೆ 90 ಹಾಕುವವನಿಗೆ ಅದು 43, 95 ಹಾಕುವವನಿಗೆ 66. ಒಂದೊಂದೇ ಹೊಡೆತವನ್ನು ನೋಡಿದರೆ 80 ಮತ್ತು 90ರ ನಡುವಿನ ಅಂತರ ಕಣ್ಣಿಗೆ ಕಾಣುವುದೇ ಇಲ್ಲ. ಎಂಟನ್ನು ಸಾಲಾಗಿ ಜೋಡಿಸಿದಾಗ ಒಬ್ಬನ ಸಾಧ್ಯತೆ ಇನ್ನೊಬ್ಬನದರ ಎರಡೂವರೆ ಪಟ್ಟಾಗುತ್ತದೆ.

ಇದರ ಇನ್ನೊಂದು ಮುಖ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ನಮ್ಮಂಥವರ ಒಂದು ಫ್ರೇಮಿನಲ್ಲಿ ಹೊಡೆತಗಳು ಮತ್ತೆ ಮತ್ತೆ ತಪ್ಪುತ್ತವೆ, ಮತ್ತು ಅದೃಷ್ಟ ಒಳಗೆ ಬರುವುದು ಬಹುಪಾಲು ತಪ್ಪಿದ ಹೊಡೆತದ ಹಿಂದೆಯೇ. ಬಾಲ್ ಹಾಕುವವನು ವೈಟ್ ಎಲ್ಲಿ ನಿಲ್ಲಬೇಕೆಂದು ಯೋಚಿಸಿಯೇ ಹೊಡೆದಿರುತ್ತಾನೆ. ಹೊಡೆತ ತಪ್ಪಿದ ಮೇಲೆ ಆ ಯೋಜನೆ ಅಳಿದು, ಬಾಲ್‌ಗಳು ತಮ್ಮ ಪಾಡಿಗೆ ತಾವು ಉರುಳಿ ನಿಲ್ಲುತ್ತವೆ. ನಿಂತ ಜಾಗ ಕೆಲವೊಮ್ಮೆ ಎದುರಾಳಿಗೆ ಔತಣ, ಕೆಲವೊಮ್ಮೆ ಬೀಗ. ನುರಿತವರು ತಪ್ಪುವ ಸಾಧ್ಯತೆಯಿದ್ದಾಗಲೇ, ತಪ್ಪಿದರೂ ವೈಟ್ ಸುರಕ್ಷಿತ ಜಾಗಕ್ಕೆ ಹೋಗುವಂತೆ ಹೊಡೆಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಒಳ್ಳೆಯ ಅದೃಷ್ಟದಂತೆ ಕಾಣುತ್ತದೆ. ಮಾಸ್ತರರ ಹೆಸರಿಗೆ ನಾನು ಹಾಕಿದ ಚುಕ್ಕೆಗಳಲ್ಲಿ ಕೆಲವು ನಿಜವಾಗಿ ಚುಕ್ಕೆಗಳೇ ಅಲ್ಲವೇನೋ ಎಂಬ ಅನುಮಾನ ನನಗಿದೆ.

ಆಟದ ಬಗೆಯೂ ಅದೃಷ್ಟದ ಪಾಲನ್ನು ನಿರ್ಧರಿಸುತ್ತದೆ. ಒಂಬತ್ತು ಬಾಲ್‌ಗಳ ಪೂಲ್ ಆಟವಾದ ನೈನ್‌ಬಾಲಿನಲ್ಲಿ ಟೇಬಲ್ಲಿನ ಮೇಲಿರುವ ಅತಿ ಕಡಿಮೆ ಸಂಖ್ಯೆಯ ಬಾಲಿಗೆ ಮೊದಲು ತಾಗಿದರೆ ಸಾಕು, ಅದರಿಂದ ಒಂಬತ್ತು ಎಲ್ಲಿ ಬಿದ್ದರೂ ಗೆಲುವು. ಪಾಕೆಟ್ ಹೇಳಬೇಕಾದ ಎಯ್ಟ್‌ಬಾಲಿನಲ್ಲಿ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚು ಮುಖ್ಯವಾದದ್ದು ಮ್ಯಾಚಿನ ಉದ್ದ. ಒಬ್ಬ ಆಟಗಾರ ಇನ್ನೊಬ್ಬನಿಗಿಂತ ನಿಶ್ಚಿತವಾಗಿ ಮೇಲು, ಯಾವುದೇ ಒಂದು ಫ್ರೇಮನ್ನು ಅವನು ಗೆಲ್ಲುವ ಸಾಧ್ಯತೆ ಶೇಕಡ 60 ಎಂದಿಟ್ಟುಕೊಳ್ಳೋಣ. ಬೆಸ್ಟ್ ಆಫ್ ಫೈವ್ ಆಡಿಸಿದರೆ ಅವನು ಮ್ಯಾಚ್ ಗೆಲ್ಲುವ ಸಾಧ್ಯತೆ 68. ಬೆಸ್ಟ್ ಆಫ್ ನೈನಿನಲ್ಲಿ 73. ಹದಿನೇಳು ಫ್ರೇಮುಗಳ ಮ್ಯಾಚಿನಲ್ಲಿ ಸುಮಾರು 80. ಅಂದರೆ ನಾವು ಹೆಚ್ಚಾಗಿ ಆಡಿಸುವ ಬೆಸ್ಟ್ ಆಫ್ ಫೈವಿನಲ್ಲಿ ಮೇಲಿನ ಆಟಗಾರನೇ ಮೂರಕ್ಕೊಂದರಷ್ಟು ಮ್ಯಾಚುಗಳನ್ನು ಸೋಲುತ್ತಾನೆ. ನಾಕೌಟ್ ಟೂರ್ನಿಯಲ್ಲಿ ಅಂಥ ನಾಲ್ಕೈದು ಮ್ಯಾಚುಗಳನ್ನು ಸತತವಾಗಿ ಗೆಲ್ಲಬೇಕೆಂದಾಗ, ಊರಿನ ಅತ್ಯುತ್ತಮ ಆಟಗಾರ ಕಪ್ ಎತ್ತದ ವರ್ಷಗಳೇ ಹೆಚ್ಚಾಗಿರುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ನಮ್ಮ ರಾಜ್ಯದ ಪಂಕಜ್ ಅಡ್ವಾಣಿಯವರ ಸಾಧನೆಯನ್ನು ನಾನು ಈ ಕಾರಣಕ್ಕೇ ವಿಶೇಷವಾಗಿ ಗೌರವಿಸುತ್ತೇನೆ. ಬೆಂಗಳೂರಿನಲ್ಲಿ ಅರವಿಂದ ಸವೂರ್ ಅವರ ಬಳಿ ಕಲಿತ ಅವರು 2003ರಲ್ಲಿ, ಹದಿನೆಂಟರ ಹರೆಯದಲ್ಲಿ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದದ್ದು ಎಲ್ಲರಿಗೂ ಗೊತ್ತು. ನನ್ನ ಮನಸ್ಸಿನಲ್ಲಿ ಉಳಿದಿರುವುದು 2005ರ ಮಾಲ್ಟಾ. ಇದೂ ಕ್ಯೂವಿನಲ್ಲೇ ಆಡುವ ಬಿಲಿಯರ್ಡ್ಸ್ ಆಟದ ವಿಶ್ವ ಸ್ಪರ್ಧೆಯಲ್ಲಿ ಅಂಕಗಳ ಮಾದರಿಯೊಂದಿದೆ, 150 ಅಂಕಗಳ ಚಿಕ್ಕ ಗೇಮುಗಳದ್ದು. ಸಮಯದ ಮಾದರಿಯೊಂದಿದೆ, ಗಂಟೆಗಟ್ಟಲೆ ಸಾಗುವಂಥದ್ದು. ಚಿಕ್ಕದರಲ್ಲಿ ಎದುರಾಳಿ ಒಂದೇ ಸರದಿಯಲ್ಲಿ 150 ಮುಗಿಸಿಬಿಡಬಹುದು, ದೀರ್ಘದಲ್ಲಿ ಅವನು ನೂರುಗಟ್ಟಲೆ ಅಂಕ ಕೂಡಿಸುವಾಗ ಬಹಳ ಹೊತ್ತು ಕುಳಿತಿರಬೇಕು. ಆ ವರ್ಷ ಅವರು ಎರಡನ್ನೂ ಗೆದ್ದರು. ಅದೃಷ್ಟಕ್ಕೆ ಹೆಚ್ಚು ಜಾಗವಿರುವ ಆಟದಲ್ಲಿಯೂ, ಕುರ್ಚಿಯ ಹೊರೆ ಹೆಚ್ಚಿರುವ ಆಟದಲ್ಲಿಯೂ ಒಬ್ಬನೇ ನಿಲ್ಲಬಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನ ಟೂರ್ನಿಗಳಿಗೆ ಹೋಗಿಬರುವ ನಮ್ಮ ಹುಡುಗರು ಅಲ್ಲಿಯ ಆಟಗಾರರ ಹೊಡೆತಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬರುತ್ತಾರೆ; ಅವರು ಕುಳಿತಿರುವುದನ್ನೂ ಒಮ್ಮೆ ಹಿಡಿದುಕೊಂಡು ಬನ್ನಿ ಎಂದು ನಾನು ಹೇಳುವುದುಂಟು.

ಟ್ರಯಾಂಗಲ್, ಪೌಡರ್, ಧೂಳು

ಅದೃಷ್ಟವೆಂದು ಕರೆದು ಕೈಬಿಡುವ ಸಂಗತಿಗಳಲ್ಲಿ ಎಷ್ಟೋ ಕಾರಣವಿರುವ ಸಂಗತಿಗಳು. ಬ್ರೇಕನ್ನೇ ತೆಗೆದುಕೊಳ್ಳಿ. ಬಾಲ್‌ಗಳನ್ನು ಜೋಡಿಸುವ ಟ್ರಯಾಂಗಲ್ ಎತ್ತುವಾಗ ಮುಂದಿನ ಬಾಲಿನ ಹಿಂದೆ ಕೂದಲೆಳೆಯಷ್ಟು ಸಂದು ಉಳಿದರೂ ಹೊಡೆತದ ಬಲ ಹಿಂದಿನ ಸಾಲುಗಳಿಗೆ ಸರಿಯಾಗಿ ದಾಟುವುದಿಲ್ಲ, ಬಾಲ್‌ಗಳು ಗುಂಪಾಗಿಯೇ ಉಳಿಯುತ್ತವೆ. ನಮ್ಮಲ್ಲಿ ಬಾಲ್ ಜೋಡಿಸುವವನು ಮಾರ್ಕರ್. ಅವನು ಒಂದು ಫ್ರೇಮಿಗೆ ಶ್ರದ್ಧೆಯಿಂದ ಒತ್ತಿ ಜೋಡಿಸಿ ಇನ್ನೊಂದಕ್ಕೆ ಅವಸರದಲ್ಲಿ ಇಟ್ಟರೆ ಬ್ರೇಕ್ ಮಾಡುವವನು ತನ್ನ ಗ್ರಹಚಾರವನ್ನು ಬಯ್ಯುತ್ತಾನೆ, ಬಗ್ಗಿ ನೋಡುವುದಿಲ್ಲ.

ಬಳ್ಳಾರಿಯ ಸೆಕೆ ಇನ್ನೊಂದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಕರೆಂಟು ಹೋಗಿ ಎಸಿ ನಿಂತ ಅರ್ಧ ಗಂಟೆಯಲ್ಲಿ, ಕ್ಯೂವಿಗೆ ಆಸರೆಯಾಗುವ ಎಡಗೈ ಬೆವೆತು ಕ್ಯೂ ಜಾರುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಎಲ್ಲರೂ ಕೈಗೆ ಪೌಡರ್ ಹಚ್ಚಿಕೊಳ್ಳುತ್ತಾರೆ. ಆ ಪೌಡರ್ ಹಸಿರು ಬಟ್ಟೆಯ ಮೇಲೆ ಬೆರಳಿನ ಗುರುತಾಗಿ ಉಳಿಯುತ್ತದೆ, ಅದರ ಮೇಲೆ ಉರುಳಿದ ಬಾಲಿಗೆ ಅಂಟುತ್ತದೆ. ಚಾಕಿನ ಕಣ, ಧೂಳು, ಪೌಡರ್ ಇವುಗಳಲ್ಲಿ ಏನಾದರೊಂದು ಎರಡು ಬಾಲ್‌ಗಳು ತಾಗುವ ಬಿಂದುವಿನಲ್ಲೇ ಸಿಕ್ಕಿಕೊಂಡರೆ ಘರ್ಷಣೆ ಒಮ್ಮೆಗೇ ಹೆಚ್ಚಾಗಿ, ಹೊಡೆದ ಬಾಲ್ ಅಂದುಕೊಂಡ ಕೋನಕ್ಕಿಂತ ದಪ್ಪಗೆ, ಅಂದರೆ ವೈಟ್ ಸಾಗಿದ ದಿಕ್ಕಿಗೆ ಹೆಚ್ಚು ಹತ್ತಿರವಾಗಿ, ಹೋಗುತ್ತದೆ. ಸ್ನೂಕರಿನವರು ಇದನ್ನು ಕಿಕ್ ಎನ್ನುತ್ತಾರೆ. ಯಾವ ಹೊಡೆತದಲ್ಲಿ ಆ ಕಣ ನಡುವೆ ಬರುತ್ತದೆಂದು ಯಾರೂ ಹೇಳಲಾರರು, ಅಷ್ಟರಮಟ್ಟಿಗೆ ಅದು ಅದೃಷ್ಟವೇ. ಆದರೆ ಬಾಲ್‌ಗಳನ್ನು ಒರೆಸಿಟ್ಟ ಟೇಬಲ್ಲಿನಲ್ಲಿ ಅದು ಅಪರೂಪ, ಒರೆಸದ ಟೇಬಲ್ಲಿನಲ್ಲಿ ಪದೇ ಪದೇ. ಒಣ ಹವೆಯಲ್ಲಿ ಬಟ್ಟೆಯ ಮೇಲೆ ಬಾಲ್ ಹೆಚ್ಚು ದೂರ ಓಡುತ್ತದೆ, ಮಳೆ ಬಂದ ದಿನ ಬೇಗ ನಿಲ್ಲುತ್ತದೆ. ಇದನ್ನು ಗಮನಿಸಿದವನಿಗೆ ವೈಟ್ ಹತ್ತಿರದಲ್ಲಿ ನಿಂತದ್ದು ವೇಗದ ವಿಷಯ. ಗಮನಿಸದವನಿಗೆ ಹಣೆಬರಹದ ವಿಷಯ.

ಮಾಸ್ತರರು ಕುಳಿತಿರುವ ರೀತಿ

ಮಾಸ್ತರರು ಸೋತ ಮ್ಯಾಚೊಂದನ್ನೂ ನೋಡಿದ್ದೇನೆ. ಅಂದು ಎದುರಾಳಿಗೆ ಎರಡು ಫ್ಲೂಕುಗಳು ಒಂದರ ಹಿಂದೊಂದು ಬಿದ್ದವು. ಎರಡನೆಯದು ಬಿದ್ದಾಗ ನೋಡುತ್ತಿದ್ದವರೆಲ್ಲ ಕೂಗಿದರು. ಮಾಸ್ತರರು ಕ್ಯೂವನ್ನು ಎರಡು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಹೆಗಲ ಮೇಲಿನ ಟವಲ್ಲಿನಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಅವರ ಕಣ್ಣು ಮಾತ್ರ ಟೇಬಲ್ಲನ್ನು ಬಿಟ್ಟಿರಲಿಲ್ಲ. ಸರದಿ ಬಂದಾಗ ಎದ್ದು, ಮಾರ್ಕರನನ್ನು ಕರೆದು ವೈಟನ್ನು ಒರೆಸಿಸಿದರು. ನಂತರ ಟೇಬಲ್ಲನ್ನು ಒಂದು ಸುತ್ತು ಪೂರ್ತಿಯಾಗಿ ಸುತ್ತಿ ಬಂದು, ಎಲ್ಲರೂ ನಿರೀಕ್ಷಿಸಿದ್ದ ಬಾಲನ್ನು ಬಿಟ್ಟು ಕುಶನ್ನಿಗೆ ಅಂಟಿದ್ದ ಬೇರೊಂದನ್ನು ಮೆಲ್ಲಗೆ ಮುಟ್ಟಿ, ವೈಟನ್ನು ದೂರದ ತುದಿಗೆ ಅಡಗಿಸಿಟ್ಟರು. ಆ ಫ್ರೇಮನ್ನು ಅವರೇ ಗೆದ್ದರು, ಮ್ಯಾಚನ್ನು ಸೋತರು.

ಅಂದು ರಾತ್ರಿ ಅವರನ್ನು ಕೇಳಿದೆ: “ಅಣ್ಣಾ, ಅವನಿಗೆ ಹಂಗೆ ಬೀಳುವಾಗ ಕೂತ್ಕೊಂಡು ಏನ್ ಯೋಚನೆ ಮಾಡ್ತೀರಿ?”

“ಬಿದ್ದ ಬಾಲ್ ನೋಡಂಗಿಲ್ಲ ತಮ್ಮಾ. ಬಿದ್ದಿದ್ದು ಬಿತ್ತು. ನಾನು ವೈಟ್ ನೋಡ್ತೀನಿ. ಯಾವ ಕುಶನ್‌ಗೆ ಬಡಿದು ಎಷ್ಟು ದೂರ ಬರ್ತೈತೆ, ಎಲ್ಲಿ ಸೊಟ್ಟ ಹೋಗ್ತೈತೆ, ನೋಡ್ಕೊಂಡು ಕುಂತಿರ್ತೀನಿ. ಅವನು ಆಡಿದಷ್ಟೂ ನನಗೆ ಟೇಬಲ್ ಗೊತ್ತಾಗ್ತೈತೆ.”

“ಸಿಟ್ಟು ಬರಂಗಿಲ್ಲೇನು?”

“ಬರ್ತೈತಲ್ಲ, ಯಾಕ್ ಬರಲ್ಲ. ಸಿಟ್ಟು ಬಂದ್ರೂ ಕಣ್ಣಿಗೆ ಕೆಲ್ಸ ಕೊಡ್ಬೇಕು.”

ಈ ಮಾತಿನಲ್ಲಿ ನಾನು ಹುಡುಕುತ್ತಿದ್ದ ಸಂಗತಿ ಇತ್ತು. ಶಾಂತವಾಗಿರಬೇಕು, ತಾಳ್ಮೆಯಿರಬೇಕು ಎಂದು ನಾವು ಕಿರಿಯರಿಗೆ ಹೇಳುತ್ತೇವೆ, ಆದರೆ ಆ ತಾಳ್ಮೆಯನ್ನು ಹೇಗೆ ಮಾಡುವುದು ಎಂದು ಹೇಳುವುದಿಲ್ಲ. ಮಾಸ್ತರರ ಮಾತಿನಲ್ಲಿ ಅದು ಮಾಡಬಹುದಾದ ಕೆಲಸವಾಗಿತ್ತು. ಎದುರಾಳಿ ಆಡುವಾಗ ಟೇಬಲ್ಲು ತನ್ನ ವಿಷಯಗಳನ್ನೆಲ್ಲ ಬಿಟ್ಟುಕೊಡುತ್ತಿರುತ್ತದೆ: ಬಟ್ಟೆಯ ವೇಗ, ಯಾವ ಪಾಕೆಟ್ ಬಿಗಿ, ಯಾವ ಕುಶನ್ ಸತ್ತಿದೆ, ನಿಧಾನವಾಗಿ ಬರುವ ಬಾಲ್ ಯಾವ ಮೂಲೆಗೆ ವಾಲುತ್ತದೆ. ಆಡುತ್ತಿರುವವನಿಗಿಂತ ಕುಳಿತವನಿಗೇ ಅದು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅವನು ಏನನ್ನೂ ಹೊಡೆಯಬೇಕಾಗಿಲ್ಲ. ಇದನ್ನು ನೋಡುವವನ ಗಮನದಲ್ಲಿ ಫ್ಲೂಕಿಗೆ ಜಾಗವಿರುವುದು ಕಡಿಮೆ. ಸರದಿ ಬಂದಾಗ ಅವನು ಏಳುವುದು ಒಂದು ಪ್ರಶ್ನೆಯ ಮಧ್ಯದಿಂದ, ದುಃಖದ ಮಧ್ಯದಿಂದಲ್ಲ. ಹದಿಮೂರನ್ನು ತಪ್ಪಿಸಿದ ಹುಡುಗನಿಗೂ ಮಾಸ್ತರರಿಗೂ ಇದ್ದ ವ್ಯತ್ಯಾಸ ಸಿಟ್ಟು ಬಂದದ್ದರಲ್ಲಿ ಇರಲಿಲ್ಲ. ಕಣ್ಣು ಎಲ್ಲಿತ್ತು ಎಂಬುದರಲ್ಲಿತ್ತು. ಇದನ್ನು ವಯಸ್ಸಿನ ಫಲವೆನ್ನುವುದಕ್ಕೂ ನಾನು ಸಿದ್ಧನಿಲ್ಲ. ಐವತ್ತು ದಾಟಿಯೂ ಕುರ್ಚಿಯಲ್ಲಿ ಕುದಿಯುವವರನ್ನು ಕಂಡಿದ್ದೇನೆ, ಹದಿನಾರರ ಹುಡುಗಿಯೊಬ್ಬಳು ಎದುರಾಳಿಯ ಪ್ರತಿ ಹೊಡೆತದ ನಂತರ ವೈಟ್ ನಿಂತ ಜಾಗವನ್ನು ಬೆರಳಿನಿಂದ ಮಂಡಿಯ ಮೇಲೆ ಗುರುತು ಹಾಕಿಕೊಳ್ಳುವುದನ್ನೂ ಕಂಡಿದ್ದೇನೆ.

ಟೂರ್ನಿ ನಡೆಸುವ ಗೆಳೆಯರಿಗೆ ನಾನು ಮೂರು ಸಂಗತಿ ಕೇಳುತ್ತ ಬಂದಿದ್ದೇನೆ. ಮ್ಯಾಚುಗಳನ್ನು ಉದ್ದ ಮಾಡಬೇಕು, ಬ್ಲ್ಯಾಕಿಗಾದರೂ ಪಾಕೆಟ್ ಹೇಳುವ ನಿಯಮ ತರಬೇಕು, ಮತ್ತು ಆಟಗಾರರ ಕುರ್ಚಿಗಳನ್ನು ಪ್ರೇಕ್ಷಕರ ಸಾಲಿನಿಂದ ಬೇರೆ ಮಾಡಬೇಕು. ಸದ್ಯ ನಮ್ಮಲ್ಲಿ ಆಟಗಾರ ಗೆಳೆಯರ ನಡುವೆಯೇ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಎದುರಾಳಿಗೆ ಒಂದು ಫ್ಲೂಕ್ ಬಿದ್ದೊಡನೆ ನಾಲ್ಕು ಬಾಯಿಗಳು ಅವನ ಕಿವಿಗೆ ಬಗ್ಗುತ್ತವೆ, ಪ್ರೀತಿಯಿಂದಲೇ ಬಗ್ಗುತ್ತವೆ, ಮತ್ತು ಅವನು ನೋಡಬೇಕಾದದ್ದನ್ನು ನೋಡದಂತೆ ಮಾಡುತ್ತವೆ. ಇರುವ ಒಂದೆರಡು ಟೇಬಲ್ಲುಗಳಲ್ಲಿ ಎಲ್ಲರಿಗೂ ಬೆಸ್ಟ್ ಆಫ್ ನೈನ್ ಆಡಿಸಲು ಸಮಯ ಸಾಲುವುದಿಲ್ಲ ಎಂಬ ಅವರ ತೊಡಕು ನಿಜವಾದದ್ದು; ಬಾಗಿಲು ಹಾಕುವ ಹೊತ್ತು ಯಾರಿಗೂ ಕಾಯುವುದಿಲ್ಲ. ಸೆಮಿಫೈನಲ್ಲಿನಿಂದ ಮುಂದಕ್ಕೆ ಒಂಬತ್ತು ಫ್ರೇಮ್ ಎಂದು ಈಗ ಒಪ್ಪಿದ್ದಾರೆ. ಪಾಕೆಟ್ ಹೇಳುವ ನಿಯಮಕ್ಕೆ ಆಟಗಾರರೇ ಇನ್ನೂ ಒಪ್ಪಿಲ್ಲ. ಕುರ್ಚಿಗಳಿಗೆ ಮಾತ್ರ ಆಟಗಾರರ ಒಪ್ಪಿಗೆ ಬೇಕಾಗಲಿಲ್ಲ. ಗೋಡೆಯ ಬದಿಗೆ, ಟೇಬಲ್ಲಿನ ಎರಡು ಎದುರು ಮೂಲೆಗಳಲ್ಲಿ, ಪಕ್ಕದಲ್ಲೊಂದು ಸ್ಟೂಲು, ಅದರ ಮೇಲೆ ನೀರಿನ ಬಾಟಲಿ ಮತ್ತು ಕೈ ಒರೆಸುವ ಬಟ್ಟೆ ಇಟ್ಟು, ಎರಡು ಕುರ್ಚಿ ಹಾಕಿಸಲು ಪಾರ್ಲರಿನ ಮಾಲೀಕರು ಒಪ್ಪಿದ್ದಾರೆ, ಮತ್ತು ಮುಂದಿನ ಟೂರ್ನಿಯಿಂದ ಅಲ್ಲಿಗೆ ಗೆಳೆಯರು ಬರಕೂಡದು ಎಂದು ಮಾರ್ಕರನಿಗೆ ಹೇಳಿಟ್ಟಿದ್ದಾರೆ.